ಅಟ್ಟದ ಹನಿಯೂ ಎರರ್ ಲಾಗೂ

ನನ್ನ ತಪ್ಪನ್ನು ಯಾರಾದರೂ ಎತ್ತಿ ಆಡಿದರೆ ನನಗೆ ಮೂಗಿನ ತುದಿಯಲ್ಲೇ ಕೋಪ. ಅಂಥವನ ಹೊಟ್ಟೆಪಾಡು ಹೇಗಿದೆ ನೋಡಿ: ವೆಬ್ ಆಪ್ ಬರೆಯಬೇಕು, ಅದು ಎಲ್ಲೆಲ್ಲಿ ಎಡವುತ್ತದೋ ಅದನ್ನೆಲ್ಲ ನನಗೇ ಬಂದು ಹೇಳುವಂತೆ ಏರ್ಪಾಡೂ ಮಾಡಬೇಕು. ಇದಕ್ಕೆ ಎರರ್ ಲಾಗ್ ಎನ್ನುತ್ತಾರೆ. ಪುಟ ತೆರೆಯಲಿಲ್ಲವೆ, ಒಂದು ಸಾಲು. ಬರೆದದ್ದು ಉಳಿಯಲಿಲ್ಲವೆ, ಇನ್ನೊಂದು. ಎಷ್ಟು ಸಣ್ಣ ದೂರಿಗೆ ಕಿವಿಗೊಡಬೇಕು, ಎಂಥದ್ದನ್ನು ಬಿಡಬೇಕು ಎಂಬ ಮಟ್ಟವನ್ನು ಗೊತ್ತುಮಾಡುವುದೂ ನಮ್ಮ ಕೈಯಲ್ಲೇ ಇದೆ. ಮನುಷ್ಯರಲ್ಲಿ ಈ ಸೌಲಭ್ಯವಿಲ್ಲ. ಇದ್ದಿದ್ದರೆ ನಮ್ಮ ದೊಡ್ಡವ್ವನಿಗೆ ಎಂದೋ ಅಳವಡಿಸಿರುತ್ತಿದ್ದೆ.

ದೊಡ್ಡವ್ವ ನಮ್ಮಪ್ಪನ ಅತ್ತಿಗೆ, ಹೊನ್ನವಳ್ಳಿಯ ನಮ್ಮ ಮನೆಗೆ ಹಿರಿಯಳು. ನಡುಮನೆಯ ನೆತ್ತಿಗೆ ಬಿದಿರು ಗಳ ಹಾಸಿದ ಅಟ್ಟವಿದೆ. ಮಟ್ಟೆ ಸಮೇತ ಅಲ್ಲಿಗೇರಿದ ತೆಂಗಿನಕಾಯಿ ಹೆಚ್ಚುಕಡಿಮೆ ವರ್ಷ ತನ್ನ ಪಾಡಿಗೆ ತಾನಿದ್ದು, ನೀರೆಲ್ಲ ಇಂಗಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಅನ್ನಬೇಕು. ನಡುವೆ ಒಂದು ಕಾಯಿ ಕೊಳೆತರೂ ಬಿದಿರಿನ ಸಂದಿಯಿಂದ ಕೆಳಕ್ಕೆ ಹನಿಯುತ್ತದೆ. ತಕ್ಷಣ ಹತ್ತಿ ಅದನ್ನು ತೆಗೆಯದಿದ್ದರೆ ಪಕ್ಕದವೂ ಕೆಡುತ್ತವೆ.

ಚಿಕ್ಕಂದಿನಲ್ಲಿ ಮನೆಯ ಮಕ್ಕಳೆಲ್ಲ ಆ ಅಟ್ಟದ ಕೆಳಗೇ ಸಾಲಾಗಿ ಮಲಗುತ್ತಿದ್ದೆವು. ಕೆನ್ನೆಗೆ ಹನಿ ಬಿದ್ದವನು ಎದ್ದು ಕೂಗಬೇಕು. ಕೂಗಿದವನಿಗೆ ದೊಡ್ಡವ್ವನ ಕೈಯಿಂದ ಒಂದು ಬೆಲ್ಲದ ಚೂರು. ಬೆಲ್ಲದಾಸೆಗೆ ಕೆನ್ನೆಗೆ ಉಗುಳು ಸವರಿಕೊಂಡು ಕೂಗಿದವನೂ ಒಬ್ಬನಿದ್ದ. ಹೆಸರು ಬೇಡ, ಈಗ ವೆಬ್ ಆಪ್ ಬರೆಯುತ್ತಾನೆ. ಹೊಗೆ, ನಾರು, ಕೊಬ್ಬರಿ ಎಲ್ಲ ಬೆರೆತ ಆ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಹಿತವಾದ ನಿದ್ದೆ ಬರುತ್ತದೆ.

ಈಗ ಮಕ್ಕಳು ಕೋಣೆಗಳಲ್ಲಿ ಮಂಚದ ಮೇಲೆ ಮಲಗುತ್ತಾರೆ. ಅಟ್ಟದ ಕೆಳಗೆ ಇರುವುದು ನನ್ನ ಮೇಜು, ಅದರ ಮೇಲೆ ಲ್ಯಾಪ್‌ಟಾಪು. ಪಕ್ಕದಲ್ಲಿ ಕಾಲು ಚಾಚಿ ಕೂತ ದೊಡ್ಡವ್ವನ ವರದಿ ದಿನವಿಡೀ ನಡೆಯುತ್ತಿತ್ತು. "ಇಲಿ ಓಡ್ತು ಕಣ್ಲಾ." "ಆ ಮೂಲೇಲಿ ಏನೋ ಸದ್ದಾಯ್ತು, ಹತ್ತಿ ನೋಡು." ಆ ಮೂಲೆಯ ಮೇಲೆ ಅವಳಿಗೆ ಪ್ರಾಣ. ತಾನು ಮದುವೆಯಾಗಿ ಬಂದಾಗ ಹಿತ್ತಿಲಲ್ಲಿ ನೆಟ್ಟ ಮರದ ಕಾಯಿಗಳನ್ನು ಬೇರೆಯಾಗಿ ಅಲ್ಲಿ ಇಡಿಸಿದ್ದಳು. ಬಸುರಿ ಮೊಮ್ಮಗಳು ಶ್ವೇತಾಳ ಮಡಿಲು ತುಂಬುವಾಗ ಆ ಮರದ ಕೊಬ್ಬರಿಯೇ ಬೀಳಬೇಕೆಂಬುದು ಅವಳ ಆಸೆ. ನಾನೋ, ಹತ್ತುತ್ತಿದ್ದೆ. ಬಹಳ ಸಲ ಅಲ್ಲಿ ಏನೂ ಇರುತ್ತಿರಲಿಲ್ಲ.

ಆಗಲೇ ತಿಪಟೂರಿನ ಅನ್ವರ್ ಭಾಯ್‌ಗೆ ಒಂದು ಆಪ್ ಮಾಡಿಕೊಟ್ಟಿದ್ದೆ. ಅವರದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಮೋಟಾರು ಸುಟ್ಟ ರೈತ ಫೋನಿನಲ್ಲೇ ದೂರು ಬರೆದರೆ ಭಾಯ್‌ಗೆ ತಲುಪಬೇಕು. ಅದರ ಲಾಗೂ ದೊಡ್ಡವ್ವನ ಜಾತಿಯದೇ, ಬಾಯಿ ಮುಚ್ಚುತ್ತಿರಲಿಲ್ಲ. ಒಂದು ದಿನ ಕೀಬೋರ್ಡಿನ ಮೇಲೆ ಹನಿಯೂ ಬಿತ್ತು. ರೇಗಿಹೋಗಿ ಎರಡು ಕೆಲಸ ಮಾಡಿದೆ. ಪ್ರಾಣ ಹೋಗುವಂಥದ್ದಾದರೆ ಮಾತ್ರ ಹೇಳು ಎಂದು ಲಾಗಿನ ಮಟ್ಟ ಏರಿಸಿದೆ. ಅಟ್ಟದ ಕೆಳಗೆ ನೀಲಿ ಟಾರ್ಪಾಲು ಬಿಗಿದೆ.

"ಹನಿ ಕೆಳಕ್ ಬೀಳ್ದಿದ್ರೆ ಮೇಲೇನಾಗೈತೆ ಅಂತ ಹೆಂಗ್ಲಾ ಗೊತ್ತಾಗೋದು?" ಎಂದಳು ದೊಡ್ಡವ್ವ.

"ಏನೂ ಆಗಲ್ಲ ಬುಡು ದೊಡ್ಡವ್ವ. ಸುಮ್ಸುಮ್ನೆ ಹತ್ತಿಸ್ಬೇಡ ನನ್ನ."

"ಆಯ್ತು ಬುಡಪ್ಪ" ಎಂದವಳು ಆಮೇಲೆ ಇಲಿಯ ಸುದ್ದಿಯನ್ನೂ ಎತ್ತಲಿಲ್ಲ. ಆಪೂ ಮೌನ, ದೊಡ್ಡವ್ವನೂ ಮೌನ. ನನಗೆ ಸ್ವರ್ಗ ಮೂರೇ ಗೇಣು.

ಮಳೆಗಾಲ ಮುಗಿಯುವ ಹೊತ್ತಿಗೆ ಅನ್ವರ್ ಭಾಯ್ ಫೋನು ಬಂತು. "ಏನ್ ಸಾರ್, ತಾಲ್ಲೂಕಲ್ಲಿ ಒಬ್ರದ್ದೂ ಮೋಟ್ರು ಸುಡ್ತಿಲ್ವಾ? ಇಂಥ ಒಳ್ಳೆ ಕಾಲ ನಾನ್ ನೋಡೇ ಇಲ್ಲ ಕಣ್ರೀ."

ಲಾಗಿನ ಮಟ್ಟ ಇಳಿಸಿ ನೋಡಿದೆ. ರೈತರು ಬರೆದ ದೂರೊಂದೂ ಉಳಿಯುತ್ತಿರಲಿಲ್ಲ. ಆಪ್ ಪಾಪ, ಹೇಳಲು ಹೊರಟಾಗಲೆಲ್ಲ ನನ್ನ ಅಪ್ಪಣೆ ನೆನೆದು ಸುಮ್ಮನಾಗಿತ್ತು. ಸರಿಪಡಿಸಿ, ಉಸ್ಸೆಂದು ಕುರ್ಚಿಗೊರಗಿ ಮೇಲೆ ನೋಡುತ್ತೇನೆ, ಟಾರ್ಪಾಲು ಹೊಟ್ಟೆ ಬಿಟ್ಟುಕೊಂಡು ಜೋತಾಡುತ್ತಿದೆ. ಒಂದು ಮೂಲೆಯ ಹಗ್ಗ ಬಿಚ್ಚಿದ್ದೇ ತಡ, ಕೊಳೆತ ನೀರು ನನ್ನ ತಲೆಯ ಮೇಲೇ ಸುರಿಯಿತು.

ಅಟ್ಟ ಹತ್ತಿ ನೋಡಿದರೆ ದೊಡ್ಡವ್ವನ ಮೂಲೆಯೇ ಹೆಚ್ಚು ಕೆಟ್ಟಿತ್ತು. ಕೆಳಗಿನ ಗಾಳಿಯೂ ಆಡದೆ ಕಾಯಿಗಳು ಬೂಷ್ಟು ಹಿಡಿದಿದ್ದವು. ಒಂದೊಂದನ್ನೇ ಇಳಿಸಿ ಅವಳ ಮುಂದಿಟ್ಟೆ. ಅವಳು ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಪಕ್ಕಕ್ಕೆ ಹಾಕಿದಳು. ಕೊನೆಗೆ ಒಂದು ಗಡಗಡ ಎಂದಿತು. ಅದನ್ನು ಸೆರಗಿನಿಂದ ಒರೆಸಿ ತೊಡೆಯ ಮೇಲಿಟ್ಟುಕೊಂಡಳು.

"ಒಂದೈತಲ್ಲ, ಸಾಕು ಬುಡು. ಮಿಕ್ಕಿದ್ದು ತೋಟದ್ದೇ ಹಾಕಾನ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲವೆಂದೇ ನನಗೆ ಅಳು ಬಂತು. ಟಾರ್ಪಾಲನ್ನು ಅಂದೇ ಹಿತ್ತಿಲಿಗೆಸೆದೆ. ಆದರೂ ಬಹಳ ದಿನ ದೊಡ್ಡವ್ವ ಬಾಯಿ ಬಿಡಲಿಲ್ಲ. ಲಾಗಿನ ಮಟ್ಟ ಇಳಿಸುವುದು ಸುಲಭ, ಮನುಷ್ಯರದ್ದು ಕಷ್ಟ. ಶ್ವೇತಾಳ ಮಡಿಲಿಗೆ ಆ ಒಂದು ಕೊಬ್ಬರಿ ಬಿದ್ದು, ನೆಂಟರೆಲ್ಲ ಹೋದ ಮೇಲೆ ಒಂದು ಮಧ್ಯಾಹ್ನ ಅವಳು ಗೋಡೆಗೊರಗಿ ಕೂತಿದ್ದಳು.

"ಲೇ, ಇಲಿ ಓಡ್ದಂಗಾಯ್ತು ಕಣ್ಲಾ."

ತಕ್ಷಣ ಏಣಿ ಹಾಕಿ ಹತ್ತಿದೆ. ಮೂಲೆಮೂಲೆಯೂ ತಡಕಿದೆ. ಇಲಿ ಇರಲಿಲ್ಲ. ಕೆಳಗಿಳಿದು, ಅಡುಗೆಮನೆಗೆ ಹೋಗಿ, ದೊಡ್ಡವ್ವನ ಕೈಗೆ ಒಂದು ಬೆಲ್ಲದ ಚೂರು ಕೊಟ್ಟೆ.