ಚೀಟಿಯಲ್ಲಿ ಬಂದ ಜಾಗ

ಆಲಮಟ್ಟಿಯ ಹಿನ್ನೀರಿನಲ್ಲಿ ಅನಗವಾಡಿ ಬದಿಯ ತನ್ನ ಹಳ್ಳಿ ಮುಳುಗಿದಾಗ ಶಿವಪುತ್ರನಿಗೆ ಇಪ್ಪತ್ಮೂರು. ಕುರಿ ಕಾಯುವ ಮನೆತನದಲ್ಲಿ ಗಾಡಿ ಕಲಿತ ಮೊದಲಿಗ. ಬನಹಟ್ಟಿಯ ಸೀರೆ ಗಂಟುಗಳನ್ನು ಸಾಗಿಸುವ ಟೆಂಪೋ ಓಡಿಸುತ್ತಿದ್ದ. ದಿಬ್ಬದ ಮೇಲಿನ ಹೊಸ ಊರಿನಲ್ಲಿ ಚೀಟಿ ಎತ್ತಿ ಮನೆಜಾಗ ಹಂಚಿದರು. ಪ್ರಾಯಕ್ಕೆ ಬಂದ ಮಗನೆಂದು ಅವನಿಗೂ ಒಂದು ಬಂತು: ಹಳೆ ಊರಿನಲ್ಲಿ ಊರಾಚೆಯ ಕೇರಿಯಲ್ಲಿದ್ದ ಯಮನಪ್ಪನ ಮಗ್ಗುಲಿಗೆ.

ಹಿರಿಯರು ಬೀರೇಶ್ವರನ ಗುಡಿ ಮುಂದೆ ಕೂತು ಜಾಗಗಳನ್ನು ಅದಲುಬದಲು ಮಾಡಿಕೊಂಡರು. ಮುಳುಗಿದ ಓಣಿಗಳು ಜಾತಿವಾರು ಮತ್ತೆ ಹಾಗೆಯೇ ಎದ್ದವು.

"ನಾ ಬದಲಿ ಮಾಡೂದಿಲ್ಲ," ಅಂದ ಶಿವಪುತ್ರ.

"ಯಾಕಲೇ?" ಅಪ್ಪ ಗಿರಮಲ್ಲಪ್ಪ ಕಣ್ಣು ಕೆಂಪಗೆ ಮಾಡಿದ.

"ಊರ ಮುಳುಗೇತ್ಯಪ್ಪಾ. ಆ ಓಣಿಗೋಳ್ನ ಯಾಕ ಹೊತ್ಕೊಂಡ ಬರೂದು?"

ಅಷ್ಟೇ. ಅಪ್ಪ ಮಾತು ಬಿಟ್ಟ. ಲೋಕಾಪುರದ ಕಡೆ ಗೊತ್ತಾಗಿದ್ದ ಹೆಣ್ಣಿನವರು ಸಂಬಂಧ ಮುರಿದರು. ಯಮನಪ್ಪನೂ ಅಂಜಿ ದೂರ ನಿಂತ: "ನಮ್ಮಿಂದ ನಿಮಗ ತ್ರಾಸ ಬ್ಯಾಡ್ರಿ." ಹಬ್ಬ ಬಂದರೆ ಶಿವಪುತ್ರ ಬೇಕಂತಲೇ ದೂರದ ಬಾಡಿಗೆ ಹಿಡಿಯುತ್ತಿದ್ದ. ಆ ಜಾಗದಲ್ಲಿ ಒಬ್ಬನೇ ಮನೆ ಮಾಡಿದ; ಲಗ್ನಕ್ಕೆಂದು ಕಟ್ಟಿಸಿದ ಒಳಕೋಣೆಯಲ್ಲಿ ಹಳೆ ಟಯರುಗಳು ಸೇರಿಕೊಂಡವು. ತನ್ನದು ಹಟವೋ ನ್ಯಾಯವೋ ಎಂದು ಕೇಳಲಿಕ್ಕೂ ಎದುರಿಗೊಬ್ಬರು ಬೇಕಲ್ಲ.

ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಗಿರಮಲ್ಲಪ್ಪ ಬಾಗಿಲ ಮುಂದೆ ಬಂದು ನಿಂತ.

"ನಿಮ್ಮವ್ವ ಎಚ್ಚರ ತಪ್ಪಿ ಬಿದ್ದಾಳ. ಗಾಡಿ ತಗಿ."

ಅವ್ವ ಸಿದ್ದಕ್ಕನನ್ನು ಟೆಂಪೋದ ಹಿಂದೆ ಮಲಗಿಸಿದರು. ಯಾರೂ ಕರೆಯದಿದ್ದರೂ ಯಮನಪ್ಪನ ಹೆಂಡತಿ ದುರಗವ್ವ ಹತ್ತಿ ಕೂತು, ಅವಳ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮುಂದೆ ಮಗನ ಪಕ್ಕ ಕೂತ ಗಿರಮಲ್ಲಪ್ಪ ಬಾಗಲಕೋಟೆಯವರೆಗೂ ಮುಖ ಹೊರಗೆ ಮಾಡಿಕೊಂಡೇ ಇದ್ದ. ದುರಗವ್ವ ಹತ್ತಿದ್ದಕ್ಕೆ ಮಾತ್ರ ಬ್ಯಾಡ ಅನ್ನಲಿಲ್ಲ.

ಅವ್ವ ಉಳಿದಳು, ಎಡಗೈ ಸೋತಿತು. ಆಮೇಲೆ ಅವಳು ಕೋಲೂರಿಕೊಂಡು ದುರಗವ್ವನ ಕಟ್ಟೆಗೆ ಬಂದು ಕೂಡತೊಡಗಿದಳು. ಮರುವರ್ಷ ಕಾಕಾನ ಮಗ ಮಾಳಿಂಗರಾಯ, ಹೊಸದಾಗಿ ಲಗ್ನವಾದವನು, ಯಮನಪ್ಪನ ಎದುರಿಗೇ ಮನೆ ಹಾಕಿದ.

"ಅಣ್ಣಾ, ನೀ ಇದ್ದಿ ಅಂತ ಧೈರ್ಯ ಮಾಡೇನಿ," ಅಂದ.

ಒಂದು ಸಂಜೆ ಶಿವಪುತ್ರ ಬನಹಟ್ಟಿಯಿಂದ ಬಂದಾಗ ಮಾಳಿಂಗರಾಯನ ಹೆಂಡತಿ ಮತ್ತು ದುರಗವ್ವ ಒಂದೇ ತಾಡಪತ್ರಿಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ಗುಡ್ಡೆ ಮಾಡುತ್ತ ಏನಕ್ಕೋ ನಗುತ್ತಿದ್ದರು. ಅವನಿಗೂ ಒಳಗೊಳಗೇ ನಗು ಬಂತು. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ಹಚ್ಚಿ, ಒಬ್ಬನಿಗಾಗುವಷ್ಟು ಅಕ್ಕಿ ತೊಳೆದ.