ಗಂಡನ ಹೆಬ್ಬೆರಳು

ಒಂದು ಸಲ ಊಟಕ್ಕೆ ಕೂತಾಗ ಗಂಡ ಫೋನ್ ತೋರಿಸಿ, "ದುಡ್ಡು ಕಳಿಸುವ ಪಿನ್ ನೀನೂ ಕಲಿತುಕೋ. ಎಂತಾದರೂ ಆದರೆ ಬೇಕಾಗ್ತದೆ" ಎಂದಿದ್ದರು.

"ಅದೆಲ್ಲ ನನಗೆಂತಕ್ಕೆ? ನೀವಿದ್ದೀರಲ್ಲ" ಎಂದು ನಾನು ಸಾರು ಬಡಿಸಿದೆ. ಹಾಗೆ ಹೇಳುವುದೇ ಪ್ರೀತಿ ಎಂದುಕೊಂಡಿದ್ದೆ. ಕೋಡಿಂಬಾಳದ ಮನೆಯಲ್ಲಿ ಬಟ್ಟೆ ಹೊಲಿದು ನಾನು ದುಡಿದದ್ದೂ ಅವರ ಖಾತೆಗೇ ಹೋಗುತ್ತಿತ್ತು.

ಅದೇ ವರ್ಷ ಕಡಬದ ಹತ್ತಿರ ಅವರ ಬೈಕು ಜಾರಿತು. ತಲೆಗೆ ಪೆಟ್ಟು. ಪುತ್ತೂರಿನ ಆಸ್ಪತ್ರೆಗೆ ತಲುಪುವಾಗ ಪ್ರಜ್ಞೆ ಇರಲಿಲ್ಲ. ಚಿಕಿತ್ಸೆಯೇನೋ ಕೂಡಲೇ ಶುರುವಾಯಿತು. ಆದರೆ ಮುಂಗಡ ಕಟ್ಟಬೇಕಿತ್ತು. ನನ್ನ ಪರ್ಸಿನಲ್ಲಿದ್ದದ್ದು ಬಸ್ಸಿಗಾಗುವಷ್ಟು ಚಿಲ್ಲರೆ.

ಅವರ ಫೋನ್ ನನ್ನ ಕೈಯಲ್ಲಿತ್ತು. ಬೆರಳಿಟ್ಟರೆ ತೆರೆಯುತ್ತದೆಂದು ಗೊತ್ತಿತ್ತು. ನರ್ಸ್ ಆಚೆ ತಿರುಗಿದಾಗ ಹೊದಿಕೆಯಡಿಯಿಂದ ಅವರ ಕೈ ಎತ್ತಿದೆ. ಹೆಬ್ಬೆರಳಿಗೆ ಹತ್ತಿದ್ದ ಕೆಸರನ್ನು ಶಾಲಿನಿಂದ ಒರೆಸಿ ಫೋನಿಗೆ ಒತ್ತಿದೆ.

"ಎಂತ ಮಾಡುದು ನೀವು?" ನರ್ಸ್ ಕೇಳಿದರು.

"ದುಡ್ಡಿಗೆ" ಎಂದೆ.

ಪಕ್ಕದ ಮಂಚದವರು ನೋಡುತ್ತಿದ್ದರು. ಫೋನ್ ತೆರೆಯಿತು, ಆದರೆ ಹಣ ಕಳಿಸಲು ಪಿನ್ ಕೇಳಿತು. ಮಗಳು ಹುಟ್ಟಿದ ದಿನ ಒತ್ತಿದೆ. ನಮ್ಮ ಮದುವೆಯ ವರ್ಷ ಒತ್ತಿದೆ. ಯಾವುದೂ ಅಲ್ಲ. ತಪ್ಪು ಪಿನ್ ಹೆಚ್ಚಾಯಿತೆಂದು ಕೊನೆಗೆ ಫೋನ್ ಹಣ ಕಳಿಸುವುದನ್ನೇ ತಡೆದುಬಿಟ್ಟಿತು. ಮೈಮೇಲೆ ಎಚ್ಚರವಿಲ್ಲದ ಗಂಡನ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ.

ಕಬಕದಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳು ಓಡಿ ಬಂದು ತನ್ನ ಕಾರ್ಡಿನಿಂದ ಮುಂಗಡ ಕಟ್ಟಿದಳು.

"ಭಾವನ ಹತ್ರ ಕೇಳುದು ಬೇಡ್ವಾ?" ಎಂದೆ.

"ಖಾತೆ ಇಬ್ಬರ ಹೆಸರಲ್ಲಿ ಉಂಟು ಮಾರಾಯ್ತಿ. ಕೇಳ್ಲಿಕ್ಕೆ ಎಂತ ಉಂಟು?"

ಅವಳು ಸಹಜವಾಗಿಯೇ ಹೇಳಿದ್ದು. ನನಗೆ ತಲೆ ಎತ್ತಲಾಗಲಿಲ್ಲ.

ಗಂಡ ನಿಧಾನವಾಗಿ ಚೇತರಿಸಿಕೊಂಡರು. ಮನೆಗೆ ಬಂದ ಮೇಲೆ ಬೆರಳಿನ ಸಂಗತಿ ನಾನೇ ಹೇಳಿದೆ. ಅವರು, "ನಾನು ಅವತ್ತು ಕೂರಿಸಿ ಕಲಿಸಬೇಕಿತ್ತು" ಎಂದರು. ಬಯ್ದಿದ್ದರೆ ವಾಸಿಯಿತ್ತು.

ಅವರು ನಡೆಯುವಂತಾದ ಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ನನ್ನ ಹೆಸರನ್ನೂ ಸೇರಿಸಿದೆವು. ಹೊಲಿಗೆಯ ಹಣದಲ್ಲಿ ಸ್ವಲ್ಪವನ್ನು ಆಪತ್ತಿಗೆಂದೇ ತೆಗೆದಿಡುತ್ತೇನೆ. ರವಿಕೆ ಹೊಲಿಸಲು ಬರುವ ಹೆಂಗಸರಿಗೂ ಹೇಳುತ್ತೇನೆ, ಪಿನ್ ಕೇಳಿ ತಿಳಿದುಕೊಳ್ಳಿ, ಖಾತೆಯಲ್ಲಿ ನಿಮ್ಮ ಹೆಸರೂ ಇರಲಿ ಎಂದು. ಯಾಕೆಂದು ಕೇಳಿದವರಿಗೆ, ಯಾರೋ ಪರಿಚಯದ ಹೆಂಗಸಿಗೆ ಹೀಗಾಯಿತಂತೆ ಎನ್ನುತ್ತೇನೆ. ಅದು ನಾನೇ ಎಂದು ಹೇಳಲು ಇವತ್ತಿಗೂ ಬಾಯಿ ಬರುವುದಿಲ್ಲ.