ಹಾರ್ನಿನ ಬದಲು ಗಂಟೆ

ಯಲಬುರ್ಗಾ ದಾಟುತ್ತಲೇ ಕಾರಿನ ಹಾರ್ನು ಕೆಟ್ಟಿತು. ಡ್ರೈವರ್ ಹುಸೇನಸಾಬ ಫ್ಯೂಸು ತೆಗೆದು ಬಿಸಿಲಿಗೆ ಹಿಡಿದ. ಗಾಜಿನ ಕೊಳವೆಯೊಳಗಿನ ತಂತಿ ಸುಟ್ಟಿತ್ತು. ಬೇರೆ ಫ್ಯೂಸು ಇರಲಿಲ್ಲ. ನನಗೋ ಕೊಪ್ಪಳದಲ್ಲಿ ಮಧ್ಯಾಹ್ನದ ರೈಲು ಹಿಡಿಯಬೇಕು. "ಯಾವುದಾದರೂ ತಂತಿ ಸುತ್ತಿಬಿಡು" ಎಂದೆ.

"ದಪ್ಪ ತಂತಿ ಹಾಕಿದ್ರ ಗಾಡಿನ ಸುಡತೈತ್ರಿ. ಹಾರ್ನ್ ಇಲ್ದಿದ್ರ ಬಂಡಿಗೋಳು ದಾರಿ ಬಿಡೂದಿಲ್ಲ" ಎಂದ.

ದಾರಿಯಲ್ಲಿ ಹತ್ತಿಸಿಕೊಂಡಿದ್ದ ಜಂಗಮರು ಹಿಂದಿನ ಸೀಟಿನಿಂದ ತಮ್ಮ ಭಿಕ್ಷೆಯ ಗಂಟೆಯನ್ನು ಹೊರಗೆ ಹಿಡಿದು ಬಾರಿಸತೊಡಗಿದರು. ಎತ್ತಿನ ಬಂಡಿಗಳೇನೋ ಸರಿದವು. ಆದರೆ ಮುಂದಿನ ಊರಲ್ಲಿ ಮುದುಕಿಯೊಬ್ಬಳು ಮೊರದಲ್ಲಿ ಜೋಳದ ಹಿಟ್ಟು ಹಿಡಿದು ರಸ್ತೆಗೇ ಬಂದಳು. ಗಂಟೆ ಬಾರಿಸಿ ಭಿಕ್ಷೆ ಬಿಟ್ಟು ಹೋಗುವುದುಂಟೇ? ಕಾರು ನಿಂತಿತು. ನಾನು ಜೇಬಿನಿಂದ ಗಡಿಯಾರ ತೆಗೆದು ನೋಡಿ ಹಲ್ಲು ಕಡಿದೆ.

ಜೋಳಿಗೆಗೆ ಹಿಟ್ಟು ಸುರಿದ ಮುದುಕಿ ಬಾನೆಟ್ಟಿನ ಮೇಲೆ ಕೈಯಿಟ್ಟು ಥಟ್ಟನೆ ಹಿಂತೆಗೆದಳು. "ಯವ್ವಾ, ಏನ್ ಕಾವು! ಇದಕ್ಕ ನೀರು ಕುಡಿಸಿಲ್ಲೇನ್ರೋ?"

ಹುಸೇನಸಾಬ ಬಟ್ಟೆ ಹಿಡಿದು ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಬರೀ ಹಬೆ. ಬೆಳಿಗ್ಗೆ ನೀರು ನೋಡುವುದನ್ನೇ ಮರೆತಿದ್ದ. ಹೊರಡಲು ಅವಸರ ಮಾಡಿದವನು ನಾನೇ.

ಮುದುಕಿ ಕೊಡ ತಂದಿಟ್ಟಳು. "ಇಂಜಿನ್ ಆರಲಿ, ಆಮ್ಯಾಲ ಹಾಕೂಣು" ಎಂದ ಹುಸೇನಸಾಬ.

ಅವಳ ಕಟ್ಟೆಯ ಮೇಲೆ ಕೂತೆ. ಗಡಿಯಾರ ಜೇಬಿನಲ್ಲೇ ಇತ್ತು.